ಪದಚರ್ಚೆ: ಕಂಬಗಳ್ಳಿಗೆ ಇರುವುದು ಪಕ್ಕೆಲುಬೋ, ಏಣೋ?

ಪ್ರಶ್ನೆ (ಹಾಸನ)

ಮಿಶ್ರಬೀಜದ ಪೊಟ್ಟಣದಿಂದ ಎದ್ದ, ಹೆಸರು ಗೊತ್ತಿಲ್ಲದ ಕಂಬದಂಥ ಕಳ್ಳಿಗಳನ್ನು ಗುರುತಿಸಲು ಒಂದು ಪುಟದ ಕನ್ನಡ ಕೈಪಿಡಿ ಬೇಕಾಗಿದೆ. ಕಾಂಡದ ಉದ್ದಕ್ಕೂ ಎದ್ದಿರುವ ದಿಂಡಿಗೆ, ಅಂದರೆ ‘ರಿಬ್’ಗೆ, ಪಕ್ಕೆಲುಬು ಎಂದರೆ ಸರಿಯೇ? ಮುಳ್ಳು ಹೊರಡುವ ಹತ್ತಿಯಂಥ ಚುಕ್ಕೆಗೆ, ಅಂದರೆ ‘ಏರಿಯೋಲ್’ಗೆ, ಏನನ್ನೋಣ? ‘ಸ್ತಂಭಾಕಾರದ ಪಾಪಾಸುಕಳ್ಳಿ’ ಎಂಬ ಬಳಕೆಯೂ ಕಂಡಿದೆ, ಅದನ್ನು ಇಟ್ಟುಕೊಳ್ಳಬಹುದೇ?

ಉತ್ತರ (ಚಿಕ್ಕಮಗಳೂರು)

ಕೊನೆಯದನ್ನು ಮೊದಲು ಬಿಡಿ ಸರ್. ಪಾಪಾಸು ಎಂದರೆ ಕಾಲಿನ ಜೋಡು, ಪಾರಸಿಯ ‘ಪಾಪೋಶ್’. ಅದು ಚಪ್ಪಟೆ ಹಾಳೆಯ ಡಬ್ಬುಗಳ್ಳಿಗೆ ಒಪ್ಪುತ್ತದೆ, ಕಂಬಕ್ಕೆ ಜೋಡು ತೊಡಿಸುವುದು ಬೇಡ. ‘ಕಂಬಗಳ್ಳಿ’ ಸಾಕು. ಎಲೆಗಳ್ಳಿಯ ಹಾಗೆ ಇಲ್ಲಿಯೂ ಕಕಾರಕ್ಕೆ ಗಕಾರ ಬರುತ್ತದೆ. ಕಂಬಗಳ್ಳಿಗಳ ಒಂದು ಕುಲಕ್ಕಿರುವ ಸೀರಿಯಸ್ (Cereus) ಎಂಬ ಲ್ಯಾಟಿನ್ ಹೆಸರಿಗೂ ಮೇಣದ ಬತ್ತಿ ಎಂದೇ ಅರ್ಥ.

ಆದರೆ ಬರೀ ‘ಕಳ್ಳಿ’ ಎನ್ನುವಲ್ಲಿ ಎಚ್ಚರ ಬೇಕು. ಕಡೂರು, ಅರಸೀಕೆರೆ ಕಡೆಯ ಬೇಲಿಯ ಹಾಲುಗಳ್ಳಿಗಳು ಯೂಫೋರ್ಬಿಯಾ, ನಿಮ್ಮ ಪೊಟ್ಟಣದವು ಅಮೆರಿಕ ಖಂಡದ ಕ್ಯಾಕ್ಟಸ್. ಎರಡೂ ಬೇರೆ ಬೇರೆ ಕುಟುಂಬ. ಸೂಜಿಯಿಂದ ಮೆಲ್ಲಗೆ ಚುಚ್ಚಿ ನೋಡಿ: ಬಿಳಿ ಹಾಲು ಒಸರಿದರೆ ಯೂಫೋರ್ಬಿಯಾ. ಕ್ಯಾಕ್ಟಸ್‌ನಲ್ಲೂ ಮ್ಯಾಮಿಲೇರಿಯಾದಂಥ ಕೆಲವಕ್ಕೆ ಹಾಲಿದೆ, ಆದರೆ ಅವು ಕಂಬವಾಗಿ ಬೆಳೆಯುವವಲ್ಲ. ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.

ಪಕ್ಕೆಲುಬು ಪದಕ್ಕೆ ಪದ ಇಟ್ಟ ಅನುವಾದ. ಹೀರೆಕಾಯಿ ಹೆರೆಯುವಾಗ ಅಡುಗೆಮನೆಯಲ್ಲಿ ಏನನ್ನುತ್ತೇವೆ? ಏಣು. ಹೀರೆಗೆ ಹತ್ತು ಏಣು. ಕಳ್ಳಿಗೂ ಅದೇ ಪದ ಸಲ್ಲುತ್ತದೆ: ‘ಆರು ಏಣಿನ ಕಂಬಗಳ್ಳಿ’. ಎರಡು ಏಣುಗಳ ನಡುವಿನ ತಗ್ಗಿಗೆ ‘ಕಾಲುವೆ’ ಎನ್ನಿ.

ಪದ ಸಿಕ್ಕಿತೆಂದು ಎಳೆ ಸಸಿಯಲ್ಲಿ ಎಣಿಸಲು ಕೂರಬೇಡಿ. ಮೊಳೆತ ಹೊಸದರಲ್ಲಿ ಏಣೇ ಇರುವುದಿಲ್ಲ, ಬಿಡಿಬಿಡಿ ಗುಬುಟುಗಳಿರುತ್ತವೆ. ಅವು ಮೇಲಿಂದ ಕೆಳಕ್ಕೆ ಕೂಡಿಕೊಂಡು ಏಣಾಗುತ್ತವೆ. ಕಾಂಡ ದಪ್ಪವಾದಂತೆ ನಡುವೆ ಹೊಸ ಏಣು ಹುಟ್ಟುವುದೂ ಉಂಟು. ಸಗುವಾರೋ ಎಂಬ ದೊಡ್ಡ ಕಂಬಗಳ್ಳಿ ಬಲಿತಾಗ 12ರಿಂದ 30 ಏಣು ತೋರುತ್ತದೆ, ಸಸಿಯಲ್ಲಿ ಅಷ್ಟು ಹುಡುಕಿದರೆ ಸಿಗದು. ಎಣಿಸುವಾಗ ಒಂದು ಏಣಿಗೆ ದಾರ ಕಟ್ಟಿ ಕುಂಡ ತಿರುಗಿಸಿ, ಕಾಂಡದ ನಡುಭಾಗದಲ್ಲಿ ಲೆಕ್ಕ ಹಾಕಿ. ತುದಿಯಲ್ಲೂ ಬುಡದಲ್ಲೂ ಲೆಕ್ಕ ತಪ್ಪುತ್ತದೆ.

ನಮ್ಮ ಕಡೆ ಇನ್ನೊಂದು ಕಾಟ. ಜೂನ್‌ನಿಂದ ಮೋಡ ಕವಿದಾಗ ನೀರು, ಗೊಬ್ಬರ ಎರಡೂ ಕೊಟ್ಟರೆ ಕಂಬ ಸಪೂರವಾಗಿ ಏರುತ್ತದೆ, ಬಿಸಿಲು ಬಂದ ಮೇಲೆ ಮತ್ತೆ ದಪ್ಪ. ನಡುವೆ ಉಳಿಯುವ ಸಣ್ಣ ಭಾಗಕ್ಕೆ ‘ಕೊರಳು’ ಎನ್ನಬಹುದು. ಅಲ್ಲಿ ಏಣು ಮೊಂಡು, ಮುಳ್ಳು ಬಡಕಲು. ಗುರುತಿಗೆ ಆ ಭಾಗ ಬೇಡವೇ ಬೇಡ.

ಮುಳ್ಳಿಗೆ ಮುಳ್ಳೇ ಸರಿ, ಆದರೆ ಎರಡು ಬಗೆ ಮಾಡಿ: ಅಂಚಿನಲ್ಲಿ ಹರಡಿದವು ಸುತ್ತುಮುಳ್ಳು, ಒಳಗಿಂದ ಹೊರಕ್ಕೆ ಚಾಚಿದವು ನಡುಮುಳ್ಳು. ಬೂದುನೀಲಿ ಮೈ, ಐದಾರು ಏಣು, ಕತ್ತಿಯಂಥ ಒಂದು ಕಪ್ಪು ನಡುಮುಳ್ಳು ಇದ್ದರೆ ಮಿರ್ಟಿಲೋಕ್ಯಾಕ್ಟಸ್ ಕುಲ ಎಂದು ಶಂಕಿಸಬಹುದು. ಮುಟ್ಟಿದರೆ ಕೈಗೆ ಅಂಟಿ ತುರಿಸುವ ನವಿರು ಮುಳ್ಳಿಗೆ ಜೋಳದ ‘ಸುಂಕು’ ಎಂಬ ಪದವನ್ನೇ ತನ್ನಿ. ಸುಂಕು ಇದ್ದರೆ ಅದು ಡಬ್ಬುಗಳ್ಳಿಯ ಬಳಗ, ಎಷ್ಟೇ ಕಂಬದಂತಿದ್ದರೂ ಸೀರಿಯಸ್ ಅಲ್ಲ.

ಏರಿಯೋಲ್‌ಗೆ ‘ಮುಳ್ಳುಮೆತ್ತೆ’ ಎಂದರೆ ಹೇಗೆ?

ಮರುಉತ್ತರ (ಹಾಸನ)

ಏಣು ಒಪ್ಪಿಗೆ. ಮೆತ್ತೆ ಮಾತ್ರ ಒಪ್ಪಿಗೆಯಿಲ್ಲ ಮೇಡಂ. ಕೇಳಲು ಚೆಂದ, ಆದರೆ ನೋಟವನ್ನಷ್ಟೇ ಹೇಳುತ್ತದೆ, ಕೆಲಸವನ್ನಲ್ಲ. ಮುಳ್ಳಷ್ಟೇ ಅಲ್ಲ, ಹೂವೂ ಕವಲೂ ಹೊರಡುವುದು ಅಲ್ಲಿಂದಲೇ. ಅದು ಮೊಗ್ಗಿನ ಜಾಗ. ಆಲೂಗೆಡ್ಡೆಗೂ ಕಬ್ಬಿಗೂ ನಾವು ‘ಕಣ್ಣು’ ಎನ್ನುವುದು ಇದನ್ನೇ. ಹಾಗಾಗಿ ‘ಮುಳ್ಳುಗಣ್ಣು’. ಹಾಲುಗಳ್ಳಿಯ ಜೋಡಿಮುಳ್ಳಿನ ಬುಡದಲ್ಲಿ ಇಂಥ ಕಣ್ಣು ಇಲ್ಲ. ಕ್ಯಾಕ್ಟಸ್‌ಗೆ ಮಾತ್ರ ಇರುವ ಲಕ್ಷಣವಾದ್ದರಿಂದ ಸೂಜಿ ಚುಚ್ಚದೆಯೂ ಎರಡನ್ನು ಬೇರ್ಪಡಿಸಬಹುದು.

ಉತ್ತರ (ಚಿಕ್ಕಮಗಳೂರು)

ಸೋತೆ, ಮುಳ್ಳುಗಣ್ಣೇ ಇರಲಿ. ಅದರಿಂದ ಕೂದಲಿನ ಲೆಕ್ಕವೂ ಸುಲಭವಾಗುತ್ತದೆ: ಪೈಲೋಸೋಸೀರಿಯಸ್ ಕುಲಕ್ಕೆ ಉದ್ದ ಕೂದಲು ಕಾಂಡದ ಮುಳ್ಳುಗಣ್ಣಿನಲ್ಲಿ, ಟ್ರೈಕೋಸೀರಿಯಸ್ ಕುಲಕ್ಕೆ ಹೂವಿನ ನಾಳದ ಮೇಲೆ. ಸೀರಿಯಸ್‌ನ ಹೂನಾಳ ಬೋಳು. ಮೊದಲಿನ ಎರಡು ಹೆಸರಲ್ಲೂ ಕೂದಲೇ ಇದೆ, ಒಂದು ಲ್ಯಾಟಿನ್, ಒಂದು ಗ್ರೀಕ್. ಹೂ ಬರುವ ತನಕ ಚೀಟಿಯಲ್ಲಿ ಕುಲದ ಹೆಸರು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಪ್ರಭೇದದ ಜಾಗ ಖಾಲಿ ಬಿಡಿ. ಇವುಗಳಲ್ಲಿ ಹಲವು ತಮ್ಮದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ, ಹತ್ತಿರದ ಬೇರೆ ಗಿಡದ ಪರಾಗ ತಗಲಿ ಬೆರಕೆಯಾಗುತ್ತವೆ. ತೋಟದಲ್ಲಿ ಕಟ್ಟಿದ ಬೀಜವಾದರೆ ಅದಕ್ಕೆ ಸರಿಹೊಂದುವ ಪ್ರಭೇದದ ಹೆಸರು ಎಲ್ಲಿಯೂ ಇಲ್ಲದಿರಬಹುದು. ಅಂಥದಕ್ಕೆ ‘ಬೆರಕೆ ಕಂಬಗಳ್ಳಿ, 6 ಏಣು’ ಎಂದು ಬರೆದು, ಬಿತ್ತಿದ ತಿಂಗಳು, ವರ್ಷ ಹಾಕಿದರಾಯಿತು.