ಶೇವಿಂಗ್ ಆದ್ಮೇಲೆ ವಿಚ್ ಹೇಜಲ್: ಹೋಮಿಯೋಪತಿ ಅಂಗಡಿಯ ಹಮಾಮೆಲಿಸ್ ಕ್ಯೂ ಹಚ್ಚಬಹುದಾ?

ಮಂಜು_ಮಡಿಕೇರಿ:
ಮಳೆಗಾಲ ಹಿಡಿದರೆ ದವಡೆ ಕೆಳಗೆ, ರೇನ್‌ಕೋಟಿನ ಕಾಲರ್ ತಾಗುವ ಕಡೆ ಕೆಂಪು ಗುಳ್ಳೆ, ಉರಿ. ಶೇವಿಂಗ್ ಆದ್ಮೇಲೆ ವಿಚ್ ಹೇಜಲ್ ಟೋನರ್ ಹಚ್ಚಿ ಅಂತಾರೆ. ಇಲ್ಲಿ ಸಿಕ್ಕಿದ್ದು ಹೋಮಿಯೋಪತಿ ಅಂಗಡಿಯ ಹಮಾಮೆಲಿಸ್ ಕ್ಯೂ, 30 ಎಂಎಲ್, ಕಂದು ಬಣ್ಣ. ಎರಡೂ ಒಂದೇನಾ? ಹಾಗೇ ಹಚ್ಚಬಹುದಾ? ಜಿಗಣೆ ಕಚ್ಚಿದ್ದಕ್ಕೂ ಆಗುತ್ತಾ?

ಗೋಣಿಕೊಪ್ಪ_ಗಿಡಮೂಲಿಕೆ:
ವಿಚ್ ಹೇಜಲ್, ಹಮಾಮೆಲಿಸ್ ಎರಡೂ ಒಂದೇ ಗಿಡ, ಉತ್ತರ ಅಮೆರಿಕದ ಪೂರ್ವ ಭಾಗದ ಕಾಡುಪೊದೆ. ಬಾಟಲಿಯಲ್ಲಿರುವುದು ಮಾತ್ರ ಬೇರೆ ಬೇರೆ.

ಟೋನರ್ ಅಂದರೆ ಕಡ್ಡಿಗಳನ್ನು ಹಬೆಯಲ್ಲಿ ಬಟ್ಟಿ ಇಳಿಸಿದ ನೀರು. ಅದು ಕೆಡದಿರಲಿ ಅಂತ ಸಾಮಾನ್ಯವಾಗಿ ಶೇ. 14ರಷ್ಟು ಆಲ್ಕೋಹಾಲ್ ಸೇರಿಸಿರುತ್ತಾರೆ. ಒಗರಿನ ಅಂಶವಾದ ಟ್ಯಾನಿನ್ ಹಬೆಯ ಜೊತೆ ಏರುವುದಿಲ್ಲ, ಅದಕ್ಕೇ ಟೋನರ್‌ಗೆ ಬಣ್ಣವಿಲ್ಲ. ನಿಮ್ಮ ಕೈಲಿರುವುದು ಮದರ್ ಟಿಂಚರ್ (ಹೆಸರಿನ ‘ಕ್ಯೂ’ ಅಂದರೆ ಅದೇ), ಗಿಡವನ್ನು ಆಲ್ಕೋಹಾಲಿನಲ್ಲೇ ನೆನೆಸಿ ತೆಗೆದದ್ದು. ಟ್ಯಾನಿನ್ ಚೆನ್ನಾಗಿದೆ, ಆಲ್ಕೋಹಾಲೂ ಟೋನರ್‌ಗಿಂತ ಹೆಚ್ಚು. ಎಷ್ಟು ಅಂತ ಲೇಬಲ್ ಮೇಲೇ ಇರುತ್ತದೆ. ಆಗಷ್ಟೇ ಬ್ಲೇಡ್ ಆಡಿದ ಚರ್ಮಕ್ಕೆ ಅದನ್ನು ನೇರ ಹಚ್ಚಬೇಡಿ, ಸುಟ್ಟ ಹಾಗೆ ಉರಿದು ಸಿಪ್ಪೆ ಏಳುತ್ತದೆ.

50 ಎಂಎಲ್ ಡಿಸ್ಟಿಲ್ಡ್ ವಾಟರ್‌ಗೆ 5 ಎಂಎಲ್, ಅಂದರೆ ಒಂದು ಟೀ ಚಮಚ ಟಿಂಚರ್ ಸಾಕು. ಬಾವಿ ನೀರು ಮಾತ್ರ ಬೇಡ. ಬಕೆಟ್ಟಿಗೆ ಕೆಂಪು ಕಲೆ ಕಟ್ಟುವ ನೀರಾದರೆ ಅದರಲ್ಲಿ ಕಬ್ಬಿಣ ಇದೆ. ಟ್ಯಾನಿನ್ ಸೇರಿದರೆ ಮಸಿಯ ಹಾಗೆ ಕಪ್ಪುನೀಲಿ ಆಗಿ ಟವಲ್‌ಗೂ ಹತ್ತುತ್ತದೆ. ಇಷ್ಟು ತೆಳುವಾದ ಮೇಲೆ ಆಲ್ಕೋಹಾಲ್ ಅದನ್ನು ಕಾಯುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ, ಉಳಿದದ್ದು ಚೆಲ್ಲಿ.

ಮುಖಕ್ಕೆ ಮುಟ್ಟಿಸುವ ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ.

ಬ್ಲೇಡ್_ಬ್ರಷ್:
ಟಿಂಚರ್ ವಿಷಯ ಸರಿಯಾಗಿ ಹೇಳಿದ್ದಾರೆ. ಆದರೆ ಗುಳ್ಳೆಗೆ ಮೂಲ ಶೇವಿಂಗ್ ಕ್ರಮದಲ್ಲಿರುತ್ತದೆ. ಕತ್ತಿನ ಕೂದಲು ಹಲವರಿಗೆ ಅಡ್ಡಡ್ಡ ಬೆಳೆದಿರುತ್ತದೆ. ಬೆರಳಾಡಿಸಿ ನೋಡಿ, ನುಣುಪಾಗಿ ಸರಿಯುವ ದಿಕ್ಕಿಗೇ ರೇಜರ್ ಎಳೆಯಿರಿ. ಚರ್ಮ ಎಳೆದು ಹಿಡಿದು ಎದುರು ದಿಕ್ಕಿಗೆ ಹೊಡೆದರೆ ಕೂದಲಿನ ಚೂಪು ತುದಿ ಚರ್ಮದೊಳಗೆ ನಿಲ್ಲುತ್ತದೆ, ಅಲ್ಲೇ ಬೆಳೆದು ಗುಳ್ಳೆಯಾಗುತ್ತದೆ. ಅದನ್ನು ಯಾವ ವಿಚ್ ಹೇಜಲ್ಲೂ ಹೊರಗೆ ತರುವುದಿಲ್ಲ, ಊತ ಉರಿ ಸ್ವಲ್ಪ ತಗ್ಗಿಸಬಹುದು ಅಷ್ಟೇ.

ತಣ್ಣೀರಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ. ತೆಳು ಮಾಡಿದ ಟಿಂಚರ್ ಹತ್ತಿಯಲ್ಲಿ ತೆಗೆದುಕೊಂಡು ಒತ್ತಿ ಒತ್ತಿ ಹಚ್ಚಿ. ಒಂದು ನಿಮಿಷ ಬಿಟ್ಟು, ಪಸೆ ಆರುವ ಮೊದಲೇ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಾಕಿ. ಈ ಕೊನೆಯದನ್ನು ಬಿಟ್ಟವರಿಗೇ ಮುಖ ಬಿಗಿದು ಹೊಟ್ಟು ಏಳುವುದು. ದಿನಕ್ಕೆ ಒಂದೇ ಸಲ.

ಇನ್ನೊಂದು, ಜುಲೈ ಆಗಸ್ಟಿನಲ್ಲಿ ಶೇವಿಂಗ್ ರಾತ್ರಿಗೆ ಬದಲಾಯಿಸಿ. ಬೆಳಗ್ಗೆ ಬೋಳಿಸಿದ ಕತ್ತಿಗೆ ಬೆವರಿನ ಪ್ಲಾಸ್ಟಿಕ್ ಕಾಲರ್ ಇಡೀ ದಿನ ತಿಕ್ಕಿದರೆ ಯಾವ ಔಷಧವೂ ನಿಲ್ಲದು. ಕಾಲರ್ ಒಳಗೆ ಹತ್ತಿ ಬಟ್ಟೆ ಸುತ್ತಿಕೊಳ್ಳಿ.

ತೋಟದ_ದಾರಿ:
ಜಿಗಣೆ ಪ್ರಶ್ನೆ ಹಾಗೇ ಉಳಿಯಿತು. ಅದರ ಎಂಜಲಲ್ಲಿ ರಕ್ತ ಹೆಪ್ಪುಗಟ್ಟಲು ಬಿಡದ ಹಿರುಡಿನ್‌ನಂಥ ಅಂಶ ಇರುತ್ತದೆ, ವಿಚ್ ಹೇಜಲ್ ಅದರ ಮುಂದೆ ನಡೆಯದು. ಸೋಪು ನೀರಲ್ಲಿ ತೊಳೆದು ಶುಭ್ರ ಬಟ್ಟೆಯಿಂದ 10-15 ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ. ಗಾಯದ ಬಾಯಿ ಮುಚ್ಚಿ ಒಣಗಿದ ಮೇಲೆ ಬರುವ ನವೆಗೆ ತೆಳು ಮಾಡಿದ್ದನ್ನು ಹಚ್ಚಬಹುದು. ಕೆರೆದು ಹುಣ್ಣಾಗಿದ್ದರೆ ಬೇಡ.

ಗಮ್‌ಬೂಟಿನೊಳಗೆ ಬೆರಳ ಸಂದು ಬೆಳ್ಳಗಾಗಿ ಸುಲಿಯುತ್ತಿದ್ದರೆ ಅದು ಸಾಮಾನ್ಯವಾಗಿ ಫಂಗಸ್. ಅದಕ್ಕೆ ಕ್ಲೋಟ್ರಿಮಜೋಲ್ ಕ್ರೀಮ್, ಒಣ ಕಾಲುಚೀಲ.

ಮಂಜು_ಮಡಿಕೇರಿ:
ತುಂಬಾ ಉಪಕಾರ. ಬ್ಲೇಡ್ ತಾಗಿ ರಕ್ತ ಬಂದರೂ ಇದೇನಾ?

ಬ್ಲೇಡ್_ಬ್ರಷ್:
ಅದಕ್ಕೆ ಪಟಿಕವೇ ಮೇಲು, ದಿನಸಿ ಅಂಗಡಿಯಲ್ಲೂ ಸಿಗುತ್ತದೆ. ಕಲ್ಲನ್ನು ಒದ್ದೆ ಮಾಡಿ ಗಾಯದ ಮೇಲೆ ಮೆಲ್ಲಗೆ ಒತ್ತಿ, ಅರ್ಧ ನಿಮಿಷ ಬಿಟ್ಟು ತೊಳೆಯಿರಿ. ಅದೂ ಒಗರೇ, ಚರ್ಮ ಒಣಗಿಸುತ್ತದೆ. ಪಟಿಕ ಇಡೀ ಮುಖಕ್ಕೆ ಉಜ್ಜಿದ ದಿನ ವಿಚ್ ಹೇಜಲ್ ಬಿಟ್ಟುಬಿಡಿ.