ಒಂದೇ ದ್ವೀಪದಲ್ಲಿ ಎರಡು ರಾಜ್ಯ: ಆ ತುಂಡಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಉತ್ತರ ಜರ್ಮನಿಯ ರಾಟ್ಸೆಬುರ್ಗ್ ಎಂಬ ಸಣ್ಣ ಊರಿನ ಇತಿಹಾಸ ಬರೆಯುತ್ತಿದ್ದೇನೆ, ಒಂದು ಪದ ಸಿಗದೆ ಕೆಲಸ ನಿಂತಿದೆ.

ಊರು ಲ್ಯೂಬೆಕ್‌ನ ದಕ್ಷಿಣಕ್ಕಿದೆ. ಹಳೇ ಊರು ಸರೋವರದ ನಡುವಿನ ದ್ವೀಪದ ಮೇಲೆ, ದಡಕ್ಕೆ ಹೋಗಿಬರಲು ಏರಿಯ ಮೇಲೆ ರಸ್ತೆ. ಮೊದಲು ಇಲ್ಲಿದ್ದದ್ದು ಸ್ಲಾವ್ ಜನರ ಕೋಟೆ. ಅವರ ದೊರೆ ರಾತಿಬೋರನ ಹೆಸರಿನಿಂದಲೇ ಊರಿಗೆ ಹೆಸರು ಬಂತು ಅನ್ನುತ್ತಾರೆ. 1062ರ ದಾಖಲೆಯಲ್ಲಿ ಅದು ಮೊದಲ ಸಲ ಕಾಣಿಸುತ್ತದೆ. 1154ರಲ್ಲಿ 'ಸಿಂಹ' ಎಂಬ ಬಿರುದಿನ ಡ್ಯೂಕ್ ಹೈನ್ರಿಖ್ ಇಲ್ಲಿ ಬಿಷಪ್ ಪೀಠ ಮಾಡಿದ, ಆಮೇಲೆ ದ್ವೀಪದ ಉತ್ತರ ತುದಿಯಲ್ಲಿ ಇಟ್ಟಿಗೆಯ ದೊಡ್ಡ ಕೆಥೀಡ್ರಲ್ ಎದ್ದಿತು.

ತೊಡಕು ಶುರುವಾಗುವುದೇ ಇಲ್ಲಿ. ಕೆಥೀಡ್ರಲ್ ಮತ್ತು ಡೋಮ್‌ಹೋಫ್ ಅನ್ನುವ ಅದರ ಸುತ್ತಿನ ಆವರಣ ಬಿಷಪ್ಪರದ್ದು, ಊರು ಲೌವೆನ್‌ಬುರ್ಗಿನ ಡ್ಯೂಕರದ್ದು. 1648ರ ವೆಸ್ಟ್‌ಫೇಲಿಯಾ ಒಪ್ಪಂದದಲ್ಲಿ ಬಿಷಪ್ಪರ ಸೀಮೆ ಮೆಕ್ಲೆನ್‌ಬುರ್ಗ್ ಮನೆತನಕ್ಕೆ ಹೋಯಿತು. ಊರು 1693ರಲ್ಲಿ ಡೇನರ ಫಿರಂಗಿಗೆ ಸಿಕ್ಕಿ ಬಹುಪಾಲು ಸುಟ್ಟುಹೋಯಿತು, ಮಾನ್‌ಹೈಮ್ ನಗರದ ಮಾದರಿಯಲ್ಲಿ ನೇರ ಬೀದಿ ಹಾಕಿ ಮತ್ತೆ ಕಟ್ಟಿದರು, ಮುಂದೆ ಹನೋವರ್, ಡೆನ್ಮಾರ್ಕ್, ಪ್ರಶ್ಯಾ ಅಂತ ಒಬ್ಬರಿಂದ ಒಬ್ಬರ ಕೈಗೆ ಹೋಯಿತು. ಡೋಮ್‌ಹೋಫ್ ಮಾತ್ರ 1937ರ ತನಕ ಮೆಕ್ಲೆನ್‌ಬುರ್ಗಿನದ್ದೇ! ಅಷ್ಟು ಚಿಕ್ಕ ದ್ವೀಪದಲ್ಲಿ ಬೀದಿ ದಾಟಿದರೆ ಬೇರೆ ರಾಜ್ಯ.

ಈ ತುಂಡಿಗೆ ಏನನ್ನಬೇಕು? 'ಆವೃತ ಪ್ರದೇಶ' ನನಗೆ ಒಗ್ಗುತ್ತಿಲ್ಲ. ಸುತ್ತುವರಿದ ಜಾಗ ಅಂತಷ್ಟೇ ತಿಳಿಯುತ್ತದೆ, ಅದು ಬೇರೆಯವರದ್ದು ಅನ್ನುವುದು ಬರುವುದೇ ಇಲ್ಲ, ಜೊತೆಗೆ ಇಲ್ಲಿ ಸುತ್ತ ನೀರೂ ಇರುವುದರಿಂದ ಓದುವವರು ದ್ವೀಪ ಅಂದುಕೊಳ್ಳುತ್ತಾರೆ. 'ಉಂಬಳಿ' ಖಂಡಿತ ತಪ್ಪು. ಉಂಬಳಿ ಕೊಟ್ಟ ದೊರೆಯ ಆಳ್ವಿಕೆ ಅದರ ಮೇಲೆ ಇದ್ದೇ ಇರುತ್ತದೆ, ಡೋಮ್‌ಹೋಫ್ ಮೇಲೆ ಊರಿನ ದೊರೆಗೆ ಅಂಥ ಹಕ್ಕಿರಲಿಲ್ಲ. 'ಎನ್‌ಕ್ಲೇವ್' ಅಂತ ಇಂಗ್ಲಿಷ್ ಪದವನ್ನೇ ಸುಮ್ನೆ ಬರೆಯಬಹುದು, ಆದರೆ ಪ್ರತಿ ಸಲ ವಿವರಿಸಬೇಕಾಗುತ್ತದೆ. ಸದ್ಯಕ್ಕೆ 'ಪರಸೀಮೆ' ಅಂತ ಬರೆದಿಟ್ಟಿದ್ದೇನೆ. 'ಪರ' ಅಂದಕೂಡಲೇ ಬೇರೆಯವರದ್ದು ಅಂತ ಗೊತ್ತಾಗುತ್ತದೆ ಅಲ್ವಾ? ಆದರೆ ದೂರದ ನಾಡು ಅನ್ನೋ ಅರ್ಥವೂ ಬಂದುಬಿಡಬಹುದು.

ಇದೇ ಊರಿನ 1945ರ ಕತೆಯಲ್ಲಿ ಈ ತೊಂದರೆ ಇಲ್ಲ. ಬ್ರಿಟಿಷ್ ಮತ್ತು ಸೋವಿಯತ್ ಸೇನೆಯವರು ಸುತ್ತಲಿನ ಕೆಲವು ಹಳ್ಳಿಗಳನ್ನು ಅದಲು ಬದಲು ಮಾಡಿಕೊಂಡರು, ಹಾಗಂತಲೇ ಬರೆದೆ.

ಉತ್ತರ ಕರ್ನಾಟಕದವರನ್ನು ವಿಶೇಷವಾಗಿ ಕೇಳುತ್ತಿದ್ದೇನೆ. ಧಾರವಾಡದ ಕಡೆಯ ಕುಂದಗೋಳ ದೂರದ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ಸುತ್ತಲಿನ ಬಹಳಷ್ಟು ಊರುಗಳು ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿದ್ದವು. ಇಂಥ ಊರುಗಳಿಗೆ ನಿಮ್ಮ ಹಿರಿಯರು ಏನನ್ನುತ್ತಿದ್ದರು? ಹಳೇ ಕಂದಾಯದ ಕಾಗದಗಳಲ್ಲಿ ಯಾವುದಾದರೂ ಪದ ಕಂಡಿದ್ದರೆ ದಯವಿಟ್ಟು ವಾಕ್ಯದ ಸಮೇತ ತಿಳಿಸಿ.