ಕಿಲ್ಟ್ ಉಡುವುದೋ, ತೊಡುವುದೋ? ಹೊಲಿಗೆಯ ಕೆಲವು ಪದಗಳ ಬಗ್ಗೆ

ಬಳಗದ ಎಲ್ಲರಿಗೂ ನಮಸ್ಕಾರ.

ಹೊಲಿಗೆಯ ಕೆಲವು ಪದಗಳಿಗೆ ಕನ್ನಡ ಬೇಕಾಗಿದೆ. ನಮ್ಮ ಅಳಿಯ ಸ್ಕಾಟ್ಲೆಂಡಿನವನು. ಅವನಿಗೆ ನಾನು ಕೈಯಲ್ಲೇ ಒಂದು ಕಿಲ್ಟ್, ಅಂದರೆ ಅಲ್ಲಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ ನೆರಿಗೆಯ ಬಟ್ಟೆ, ಹೊಲಿಯುತ್ತಿದ್ದೇನೆ. ನಾವಿರುವುದೂ ಅಲ್ಲೇ, ಪರ್ತ್ ಊರಿನಲ್ಲಿ. ಗದಗಿನಲ್ಲಿ ನಮ್ಮ ಅತ್ತಿಗೆ ಹೊಲಿಗೆ ಕ್ಲಾಸು ನಡೆಸುತ್ತಾರೆ. ಫೋಟೋ ನೋಡಿದ ಅವರ ಹುಡುಗಿಯರು "ಇದನ್ನ ಹೆಂಗ ಹೊಲಿತಾರ ಬರದು ಕಳಸ್ರಿ" ಎಂದು ಬೆನ್ನು ಹತ್ತಿದ್ದಾರೆ. ಬರೆಯಲು ಕೂತರೆ ಅರ್ಧ ಪದಗಳು ತಾವಾಗಿ ಬರುತ್ತವೆ, ಇನ್ನರ್ಧ ಕೈಕೊಡುತ್ತವೆ.

ಹೆಸರಿನ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ಕಿಲ್ಟ್ ಅನ್ನು ಕಿಲ್ಟ್ ಎಂದೇ ಬರೆಯುತ್ತೇನೆ. "ಗಂಡಸರ ಲಂಗ" ಅನ್ನುವುದು ತಮಾಷೆಗೆ ಸರಿ, ಬಟ್ಟೆಯ ಲೆಕ್ಕದಲ್ಲಿ ತಪ್ಪು. ಲಂಗಕ್ಕೆ ಸುತ್ತಲೂ ಹೊಲಿಗೆ ಇರುತ್ತದೆ, ಲಾಡಿ ಇರುತ್ತದೆ, ಕಾಲು ತೂರಿಸಿ ಮೇಲೆಳೆದುಕೊಳ್ಳುತ್ತೇವೆ. ಕಿಲ್ಟ್ ಎಲ್ಲೂ ಮುಚ್ಚಿಕೊಳ್ಳುವುದಿಲ್ಲ. ಬಕಲ್ ಬಿಚ್ಚಿದರೆ ಹಾಸಿಗೆಯ ಮೇಲೆ ಹರಡಿಡಬಹುದು.

ಕಿಲ್ಟಿನ ಚೌಕಳಿ ಬಟ್ಟೆಗೆ ಹೇಳುವ ಟಾರ್ಟನ್ ಎಂಬುದನ್ನೂ ಹಾಗೇ ಬಿಡುತ್ತೇನೆ. ಚೌಕಳಿ ಎಂದರೆ ಯಾವ ಚೌಕಳಿಯೂ ಆದೀತು. ಇಲ್ಲಿ ಒಂದೊಂದು ಟಾರ್ಟನ್ನಿಗೂ ಹೆಸರುಂಟು, ಎಳೆ ಲೆಕ್ಕ ಉಂಟು. 2009ರಿಂದ ಸರ್ಕಾರದ ನೋಂದಣಿ ಪುಸ್ತಕವೇ ಇದೆ.

ಇನ್ನು ನನ್ನ ಮುಖ್ಯ ಪ್ರಶ್ನೆ. ಕಿಲ್ಟನ್ನು ಉಡುತ್ತಾರೋ, ತೊಡುತ್ತಾರೋ?

ಸೀರೆ ಉಡುತ್ತೇವೆ, ಪಂಚೆ ಉಡುತ್ತೇವೆ. ಅಂಗಿ ತೊಡುತ್ತೇವೆ, ಬಳೆ ತೊಡುತ್ತೇವೆ. ಪ್ಯಾಂಟು ಬಂದಾಗ ಎರಡೂ ಬೇಡ ಎಂದು "ಹಾಕಿಕೊಳ್ಳು" ಹಿಡಿದೆವು. ಹೊಲಿದದ್ದನ್ನು ತೊಡುವುದು, ಹೊಲಿಯದ್ದನ್ನು ಉಡುವುದು ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಆ ಲೆಕ್ಕ ಹಿಡಿದರೆ ಕಿಲ್ಟ್ ತೊಡುವ ಬಟ್ಟೆ. ಯಾಕೆಂದರೆ ಅದರಲ್ಲಿರುವಷ್ಟು ಹೊಲಿಗೆ ನಾನು ಇನ್ಯಾವುದರಲ್ಲೂ ಕಂಡಿಲ್ಲ. ಆದರೆ ಅಳಿಯ ಅದನ್ನು ಸುತ್ತಿಕೊಳ್ಳುವುದನ್ನು ನೋಡಿದರೆ "ತೊಡು" ಎನ್ನಲು ಬಾಯಿ ಬರುವುದಿಲ್ಲ. ಒಳಗಿನ ತುದಿಯನ್ನು ಬಲದಿಂದ ಎಡಕ್ಕೆ ತಂದು, ಅದರ ಪಟ್ಟಿಯನ್ನು ಎಡಗಡೆಯ ಸಣ್ಣ ಸೀಳಿನಲ್ಲಿ ತೂರಿಸಿ ಬಕಲ್ ಹಾಕುತ್ತಾನೆ. ಆಮೇಲೆ ಹೊರಗಿನ ತುದಿಯನ್ನು ಎಡದಿಂದ ಬಲಕ್ಕೆ ತಂದು ಬಲಗಡೆ ಎರಡು ಬಕಲ್. ಇದು ಉಡುವುದೇ, ಅಲ್ವಾ?

ಇದರ ಹಿಂದಿನ ಕತೆಯೂ ಉಡುವುದರ ಕಡೆಗೇ ವಾಲುತ್ತದೆ. ಮೊದಲು ಇದ್ದದ್ದು ಫೇಲೆ ಮೋರ್, ಅಂದರೆ ಗೇಲಿಕ್ ಭಾಷೆಯಲ್ಲಿ ದೊಡ್ಡ ಕಿಲ್ಟ್. ಒಂದು ಹೊಲಿಗೆಯೂ ಇಲ್ಲದ ಉದ್ದನೆಯ ಕಂಬಳಿಯಂಥ ಬಟ್ಟೆ. ಸೊಂಟದಲ್ಲಿ ನೆರಿಗೆ ಹಿಡಿದು ಮೇಲೆ ಬೆಲ್ಟು ಬಿಗಿದರೆ ಆಯಿತು. ಮಿಕ್ಕದ್ದು ಹೆಗಲಿಗೆ. ಹದಿನೆಂಟನೇ ಶತಮಾನದ ಮೊದಲ ಭಾಗದಲ್ಲಿ ಕೆಳಗಿನ ಅರ್ಧ ಮಾತ್ರ ಉಳಿಸಿಕೊಂಡ ಫೇಲೆ ಬೆಗ್, ಅಂದರೆ ಚಿಕ್ಕ ಕಿಲ್ಟ್, ಬಳಕೆಗೆ ಬಂತು. ನೆರಿಗೆಯನ್ನು ಹೊಲಿದೇ ಬಿಡುವುದು ಆಮೇಲಿನ ಮಾತು. ಅಂದರೆ ಉಡುವ ಬಟ್ಟೆಯೊಂದು ಹೊಲಿಗೆ ಹಾಕಿಸಿಕೊಂಡಿದೆ, ಅಷ್ಟೆ. ರೆಡಿಮೇಡ್ ಸೀರೆ ಬಂದಿದೆಯಲ್ಲ, ನೆರಿಗೆ ಹೊಲಿದು ಹುಕ್ ಇಟ್ಟದ್ದು? ಅದನ್ನು ನೀವು ಉಡುತ್ತೀರೋ, ಹಾಕಿಕೊಳ್ಳುತ್ತೀರೋ? ಇದಕ್ಕೆ ಬರುವ ಉತ್ತರ ಕಿಲ್ಟಿಗೂ ಆದೀತು. ನನ್ನ ಓಟು ಉಡುವುದಕ್ಕೆ. ಹೊಲಿಗೆಯ ಲೆಕ್ಕವೇ ಸರಿ ಎನ್ನುವವರು ಉದಾಹರಣೆ ಕೊಟ್ಟರೆ ಒಳ್ಳೆಯದು.

ಕಿಲ್ಟ್ ಎಂಬ ಮಾತೂ ಮೂಲದಲ್ಲಿ ಕ್ರಿಯಾಪದ. ಸ್ಕ್ಯಾಂಡಿನೇವಿಯದ ಕಡೆಯಿಂದ ಬಂದದ್ದು, ಡ್ಯಾನಿಷ್‌ನಲ್ಲಿ ಈಗಲೂ ಅದರ ನಂಟಿನ ಪದವಿದೆ. ಬಟ್ಟೆಯನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸುವುದು ಎಂದು ಅರ್ಥ. ನಾಟಿಗೆ ಇಳಿಯುವ ಹೆಂಗಸರು ಸೀರೆ ಎತ್ತಿ ಕಟ್ಟುತ್ತಾರಲ್ಲ, ಅದೇ. "ಎತ್ತಿಕಟ್ಟು" ಎಂದು ಒಂದೇ ಪದವಾಗಿ ಬರೆದರೆ ಮಾತ್ರ ಕನ್ನಡದಲ್ಲಿ ಬೇರೆಯೇ ಜಗಳ ಶುರುವಾಗುತ್ತದೆ.

ಈಗ ಹೊಲಿಗೆಗೆ ಬರೋಣ. ಅಳಿಯನದು ಬ್ಲ್ಯಾಕ್ ವಾಚ್ ಟಾರ್ಟನ್. ಕಡುಹಸಿರು, ಕಡುನೀಲಿ, ಕಪ್ಪು. ಅದು ಇದೇ ಹೆಸರಿನ ಸೈನ್ಯದ ತುಕಡಿಯದು. ಅವರ ಸಂಗ್ರಹಾಲಯ ನಮ್ಮೂರಿನ ಬಲ್‌ಹೌಸಿ ಕೋಟೆಯಲ್ಲೇ ಇದೆ. ಆ ತುಕಡಿಯ ಯುದ್ಧ ಗೌರವಗಳ ಪಟ್ಟಿಯಲ್ಲಿ ಮಂಗಳೂರು, ಮೈಸೂರು, ಶ್ರೀರಂಗಪಟ್ಟಣ ಮೂರೂ ಇವೆ. ಟಿಪ್ಪು 1783ರಲ್ಲಿ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದಾಗ ಒಳಗೆ ಸಿಕ್ಕಿಕೊಂಡವರಲ್ಲಿ ಈ ಹೈಲ್ಯಾಂಡರುಗಳೂ ಇದ್ದರು. 1784ರ ಜನವರಿಯಲ್ಲಿ ಕೋಟೆ ಬಿಟ್ಟುಕೊಟ್ಟರು. ಸೋತು ಬಿಟ್ಟುಕೊಟ್ಟ ಊರಿನ ಹೆಸರೂ ಗೌರವವೇ ಆಗಿರುವುದು ನನಗೆ ಸೋಜಿಗ. ಇರಲಿ, ಪದಗಳಿಗೆ ಬರುತ್ತೇನೆ.

ಎಂಟು ಗಜ ಉಣ್ಣೆ ಬಟ್ಟೆ, ಅಂದರೆ 288 ಇಂಚು. ಎರಡು ಪಟ್ಟು ಅಗಲದ ನಾಲ್ಕು ಗಜ ಕೊಂಡು ಉದ್ದುದ್ದ ಸೀಳಿ ಜೋಡಿಸುವುದು ರೂಢಿ. ಕೆಳಗಡೆ ಮಡಚಿ ಹೊಲಿಯುವುದೇ ಇಲ್ಲ. ಮಗ್ಗದಲ್ಲಿ ನೇಯ್ದು ಬಂದ ಅಂಚೇ ಮೊಣಕಾಲಿನ ಹತ್ತಿರ ಬರುತ್ತದೆ. ಇಲ್ಲಿ "ಅಂಚು" ಅಂದರೆ ಸಾಕು, ಸೀರೆಯ ಅಂಚೂ ಹೀಗೇ ತಾನೆ ಕೆಳಗೆ ಬರುವುದು. ನೆರಿಗೆಯೂ ನೆರಿಗೆಯೇ, ನಿರಿಗೆ ಎನ್ನುವವರು ಹಾಗೇ ಓದಿಕೊಳ್ಳಲಿ. ನಮಗೆ ಮುಂದೆ ಬರುವ ನೆರಿಗೆ ಇವರಿಗೆ ಹಿಂದೆ, ಮುಂಭಾಗ ಚಪ್ಪಟೆ.

ತೊಡಕು ಶುರುವಾಗುವುದು ನೆರಿಗೆಯ ಬಗೆಗಳಲ್ಲಿ. ಟಾರ್ಟನ್ನಿನಲ್ಲಿ ಬಣ್ಣದ ಗೆರೆಗಳು ಒಂದು ಕ್ರಮದಲ್ಲಿ ಬಂದು ಮತ್ತೆ ಅದೇ ಕ್ರಮ ಮರುಕಳಿಸುತ್ತದೆ. ಆ ಒಂದು ಸುತ್ತಿಗೆ ಇವರು ಸೆಟ್ ಅನ್ನುತ್ತಾರೆ. ಕನ್ನಡದಲ್ಲಿ ಸೆಟ್ ಎಂದು ಬರೆದರೆ ದೋಸೆ ನೆನಪಾಗುತ್ತದೆ. ನನಗೆ ಹೊಳೆದದ್ದು "ವರಸೆ". ಸಂಗೀತದ ಪಾಠದಲ್ಲಿ ಸರಳೆ ವರಸೆ, ಜಂಟಿ ವರಸೆ ಬರುತ್ತವಲ್ಲ, ಹಾಗೆ ಇದು ಬಣ್ಣದ ವರಸೆ. ಬ್ಲ್ಯಾಕ್ ವಾಚ್‌ನಲ್ಲಂತೂ ಗೆರೆಗಳು ಒಂದು ಕಡೆಯಿಂದ ಏರಿ, ತುದಿ ಮುಟ್ಟಿ, ಬಂದ ದಾರಿಯಲ್ಲೇ ಇಳಿಯುತ್ತವೆ. ಆರೋಹಣ, ಅವರೋಹಣ ಎರಡೂ ಸೇರಿ ಒಂದು ವರಸೆ.

ಈ ವರಸೆಯನ್ನು ನೆರಿಗೆಯಲ್ಲಿ ಹಿಡಿಯಲು ಎರಡು ದಾರಿ. ಮೊದಲನೆಯದರಲ್ಲಿ, ಅಷ್ಟು ಬಟ್ಟೆ ಒಳಗೆ ಹೋದರೂ ಹೊರಗೆ ಚೌಕಳಿ ಏನೂ ಆಗದಂತೆ ಮುಂದುವರಿಯಬೇಕು. ಎರಡನೆಯದರಲ್ಲಿ ಪ್ರತಿ ನೆರಿಗೆಯ ನಡುವೆ ಒಂದೇ ಗೆರೆ ಬರಬೇಕು. ಆಗ ಹಿಂಭಾಗದಲ್ಲಿ ಮುಂಭಾಗದ ಚೌಕಳಿ ಉಳಿಯುವುದಿಲ್ಲ, ಹೆಚ್ಚಾಗಿ ಅಡ್ಡ ಪಟ್ಟೆಗಳೇ ಎದ್ದು ಕಾಣುತ್ತವೆ. ಸೈನ್ಯದವರಿಗೆ ಇದು ಇಷ್ಟ. ನಾನು ಇಟ್ಟುಕೊಂಡ ಹೆಸರು ವರಸೆನೆರಿಗೆ ಮತ್ತು ಗೆರೆನೆರಿಗೆ. ಹೇಗಿದೆ?

ಎರಡರ ಲೆಕ್ಕ ಬೇರೆ, ಅದಕ್ಕೇ ಎರಡು ಹೆಸರು ಬೇಕು. ಸೀಟಿನ, ಅಂದರೆ ಪೃಷ್ಠದ, ಸುತ್ತಳತೆ 40 ಇಂಚು, ವರಸೆ 8 ಇಂಚು ಎಂದಿಟ್ಟುಕೊಳ್ಳಿ. ಹಿಂಭಾಗಕ್ಕೆ ಹೆಚ್ಚುಕಡಿಮೆ ಅರ್ಧ, 20 ಇಂಚು. 25 ನೆರಿಗೆ ಹಿಡಿದರೆ ಒಂದೊಂದು ಹೊರಗೆ ಕಾಣುವುದು 0.8 ಇಂಚು. ಗೆರೆನೆರಿಗೆಗೆ ಅದೇ ಗೆರೆ ಮತ್ತೆ ಸಿಗುವವರೆಗೆ ಹೋದರೆ ಸಾಕು, ತಲಾ 8 ಇಂಚು. ವರಸೆನೆರಿಗೆಗೆ ಒಂದು ಪೂರ್ತಿ ವರಸೆ ದಾಟಿ, ಹಿಂದಿನ ನೆರಿಗೆ ನಿಲ್ಲಿಸಿದ ಜಾಗಕ್ಕೆ ಹೋಗಬೇಕು. ಹಾಗಾಗಿ 8.8 ಇಂಚು. ಒಟ್ಟಿನಲ್ಲಿ 20 ಇಂಚು ಬಟ್ಟೆ ಜಾಸ್ತಿ. ಒಂದು ಎಳೆ ಆಚೀಚೆ ಆದರೂ ಅಡ್ಡಗೆರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಸುಮ್ನೆ ಇಸ್ತ್ರಿ ಒತ್ತಿದರೆ ಅದು ಸರಿಹೋಗುವುದಿಲ್ಲ.

ಮುಂದಿನ ಪದ ನನಗೆ ಪೂರ್ತಿ ಕೈಕೊಟ್ಟಿದೆ. ಸೊಂಟದಿಂದ ಸೀಟಿನ ತನಕ ನೆರಿಗೆಗಳನ್ನು ಒಂದರ ಮೇಲೊಂದು ಕೂರಿಸಿ ಹೊಲಿದುಬಿಡುತ್ತಾರೆ. ಅಲ್ಲಿಂದ ಕೆಳಗೆ ಬಿಟ್ಟುಬಿಡುತ್ತಾರೆ. ಮೇಲಿನ ಆ ಹೊಲಿದ ಭಾಗಕ್ಕೆ ಇವರ ಹತ್ತಿರ ಫೆಲ್ ಎಂಬ ಪುಟ್ಟ ಪದವಿದೆ. ಕಿಲ್ಟಿನ ಅಂದವೆಲ್ಲ ಇರುವುದು ಅಲ್ಲೇ. ಸೊಂಟ 34 ಆದರೆ ಹಿಂಭಾಗಕ್ಕೆ 17 ಇಂಚು. ಕೆಳಗೆ 0.8 ಇದ್ದ ನೆರಿಗೆ ಮೇಲೆ 0.68ಕ್ಕೆ ಇಳಿಯಬೇಕು. ಅರೆಕಾಲು ಇಂಚೂ ಇಲ್ಲದ ಆ ವ್ಯತ್ಯಾಸವನ್ನು ಪ್ರತಿ ನೆರಿಗೆಯಲ್ಲೂ ಒಂದೇ ಸಮ ಇಳಿಜಾರಾಗಿ ತರಬೇಕು. ಹೊಲಿಗೆ ಹೊರಗೆ ಕಾಣಬಾರದು, ಹಾಗಾಗಿ ನೆರಿಗೆಯ ಬಣ್ಣ ನೋಡಿ ದಾರದ ಬಣ್ಣ. ಇದಾದ ಮೇಲೆ ಒಳಗಿನಿಂದ ಸೊಂಟದ ಹತ್ತಿರದ ದಪ್ಪ ಮಡಿಕೆಗಳನ್ನು ಕತ್ತರಿಸಿ ತೆಗೆಯುತ್ತಾರೆ. ಅಷ್ಟು ದುಬಾರಿ ಬಟ್ಟೆಗೆ ಕತ್ತರಿ ಹಾಕುವುದು ಗದಗಿನ ಹುಡುಗಿಯರಿಗೆ ಖಂಡಿತ ಒಪ್ಪಿಗೆಯಾಗುವುದಿಲ್ಲ. ಆದರೆ ಹಾಗೆ ಮಾಡದಿದ್ದರೆ ಸೊಂಟ ದಿಂಬಿನ ಹಾಗೆ ಉಬ್ಬುತ್ತದೆ. ಮೇಲಿನದಕ್ಕೆ ಕಟ್ಟುನೆರಿಗೆ, ಕೆಳಗಿನದಕ್ಕೆ ಬಿಡುನೆರಿಗೆ ಎಂದು ಸದ್ಯಕ್ಕೆ ಬರೆದಿದ್ದೇನೆ. ಟೈಲರುಗಳ ಬಾಯಲ್ಲಿ ಇದಕ್ಕೆ ಮೊದಲೇ ಪದ ಇದ್ದರೆ ನನ್ನದನ್ನು ಆಚೆ ಹಾಕಿ.

ಮುಂಭಾಗದ ಎರಡು ಚಪ್ಪಟೆ ಹಾಳೆಗಳಿಗೆ ಏನೆನ್ನೋಣ? ಇವರು ಏಪ್ರನ್ ಎನ್ನುತ್ತಾರೆ, ನಮಗೆ ಅದು ಅಡುಗೆಮನೆಯದು. ಮೇಲ್ಸೆರಗು, ಒಳಸೆರಗು ಎಂದು ಬರೆದು ಮತ್ತೆ ಹೊಡೆದುಹಾಕಿದೆ. ಸೆರಗು ಎಂದ ಕೂಡಲೇ ಕಣ್ಣು ಹೆಗಲಿಗೆ ಹೋಗುತ್ತದೆ, ಇಲ್ಲಿ ಹೆಗಲ ಮೇಲೆ ಹಾಕುವ ಬಟ್ಟೆ ಬೇರೆಯೇ ಇದೆ. ಮೇಲ್ಪದರ, ಒಳಪದರ ಎನ್ನೋಣವೆಂದರೆ ಬೆಳಗಾವಿ ಕಡೆ ಪದರ ಎಂದರೂ ಸೆರಗೇ. ಸದ್ಯಕ್ಕೆ ಮೇಲುಹಾಳೆ, ಒಳಹಾಳೆ. ಕಿವಿಗೆ ಅಷ್ಟು ಹಿತವಿಲ್ಲ, ಗೊತ್ತು.

ಕೊನೆಯದು ಸಣ್ಣದು. ಮೇಲುಹಾಳೆಯ ಬಲ ತುದಿಯಲ್ಲಿ ಹೊಕ್ಕಿನ, ಅಂದರೆ ಮಗ್ಗದಲ್ಲಿ ಅಡ್ಡ ಬರುವ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆದು, ಹಾಸಿನ, ಅಂದರೆ ಉದ್ದಕ್ಕೆ ಬರುವ ಎಳೆಗಳನ್ನು ಜೂಲಿನ ಹಾಗೆ ಬಿಡುತ್ತಾರೆ. ಕುಚ್ಚು ಎಂದರೆ ಗಂಟು ಹಾಕಿದ್ದು, ಅದು ಹೊಂದುವುದಿಲ್ಲ. ಧೋತರದ ಕೊನೆಯಲ್ಲಿ ನೇಯದೆ ಉಳಿದ ಎಳೆಗಳಿಗೆ ನಮ್ಮಜ್ಜಿ "ದಶಿ" ಅನ್ನುತ್ತಿದ್ದರು. ಅಲ್ಲೂ ಉಳಿಯುವುದು ಹಾಸಿನ ಎಳೆಯೇ ಆದ್ದರಿಂದ ಇದಕ್ಕೆ ಸರಿಯಾಗಿ ಕೂರುತ್ತದೆ ಅನಿಸುತ್ತದೆ. ಈ ಪದ ಧಾರವಾಡ, ಗದಗದಾಚೆ ಬಳಕೆಯಲ್ಲಿದೆಯೇ? ಮಲೆನಾಡು, ಮೈಸೂರು, ಕರಾವಳಿಯವರು ಇದಕ್ಕೆ ಏನೆನ್ನುತ್ತೀರಿ?